ನಿದ್ದೆ ಮಾಡೋಕೆ ಏಳುವ ಅಳಿಲು

ಪ್ರೀತಿಯ ಮಗಳೇ,

ಲ್ಯಾಬಿನಲ್ಲಿ ತಲೆಸುತ್ತಿ ಬಿದ್ದೆಯಂತೆ. ನಿನ್ನ ಗೆಳತಿ ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆಮೇಲೆ ಫೋನಿನಲ್ಲಿ ನಾವು ಆಡಿಕೊಂಡ ಮಾತು ಇಬ್ಬರಿಗೂ ನೆನಪಿದೆ, ಬಿಡು. "ನನ್ನ ಕೆಲಸ ನಿಮಗೆ ಅರ್ಥ ಆಗಲ್ಲ ಅಪ್ಪ" ಅಂದೆಯಲ್ಲ, ಅದಕ್ಕೇ ನಿನ್ನ ಸಂಶೋಧನಾ ಪ್ರಬಂಧ ಹಿಡಿದು ಕೂತೆ. ಅರ್ಧ ಅರ್ಥವಾಯಿತು. ಆ ಅರ್ಧಕ್ಕೇ ಎದೆಯುಬ್ಬಿತು.

ಆದರೆ ಅದರಲ್ಲಿ ಬರುವ ಆ ನೆಲ ಅಳಿಲು ತಲೆಯಿಂದ ಹೋಗುತ್ತಿಲ್ಲ. ಚಳಿಗಾಲದಲ್ಲಿ ಮೈ ತಣ್ಣಗಾಗಿ ಮರಗಟ್ಟಿ ಬಿದ್ದಿರುವ ಶಿಶಿರನಿದ್ರೆಯಲ್ಲಿ ಅದರ ಎದೆಬಡಿತ ನಿಮಿಷಕ್ಕೆ ಹತ್ತಕ್ಕೂ ಕಡಿಮೆ. ಆರ್ಕ್ಟಿಕ್ ಜಾತಿಯದರ ಮೈ ಸೊನ್ನೆ ಡಿಗ್ರಿಗಿಂತಲೂ ತಣ್ಣಗಾಗುತ್ತದೆ. ಮಿದುಳಿನಲ್ಲಿ ಜೀನ್‌ಗಳ ಕೆಲಸ ಬಹುಪಾಲು ನಿಲ್ಲುತ್ತದೆ, ನರಕೋಶಗಳ ನಡುವಿನ ಎಷ್ಟೋ ಕೊಂಡಿಗಳು ಕಳಚುತ್ತವೆ. ನರಕೋಶಗಳೊಳಗಿನ ಟಾವ್ ಎಂಬ ಪ್ರೋಟೀನಿನ ಮೇಲೆ ಫಾಸ್ಫೇಟ್ ಗುಂಪುಗಳು ಏರಿ ಕೂರುತ್ತವೆ, ಅಲ್ಜೈಮರ್ ಕಾಯಿಲೆಯಲ್ಲಿ ಆಗುವ ಹಾಗೆಯೇ. ಅಜ್ಜಿಯ ಕೊನೆಯ ವರ್ಷಗಳನ್ನು ನೀನೂ ನೋಡಿದ್ದೀಯ. ಆ ಪುಟ ದಾಟಿ ಮುಂದೆ ಹೋಗಲು ನನಗೆ ತುಂಬಾ ಹೊತ್ತು ಬೇಕಾಯಿತು.

ಅಳಿಲಿಗೆ ಮಾತ್ರ ಇದೆಲ್ಲ ಸರಿಹೋಗುತ್ತದೆ. ಒಂದೆರಡು ವಾರಕ್ಕೊಮ್ಮೆ ಮೈ ಬಿಸಿ ಮಾಡಿಕೊಂಡು ಏಳುತ್ತದೆ, ಕೊಂಡಿಗಳು ಕೆಲವೇ ಗಂಟೆಗಳಲ್ಲಿ ಮತ್ತೆ ಬೆಳೆಯುತ್ತವೆ, ಟಾವ್ ಮೊದಲಿನಂತಾಗುತ್ತದೆ. ಕೂಡಿಟ್ಟ ಕೊಬ್ಬಿನ ಹೆಚ್ಚಿನ ಪಾಲು ಹೀಗೆ ಏಳುವುದಕ್ಕೇ ಖರ್ಚು. ಅಷ್ಟೆಲ್ಲ ಸುರಿದು ಎದ್ದು ಏನು ಮಾಡುತ್ತದೆ? ಹೆಚ್ಚು ಹೊತ್ತು ನಿದ್ದೆ! ಮರಗಟ್ಟಿ ಬಿದ್ದಿರುವುದು ಬೇರೆ, ನಿದ್ದೆ ಬೇರೆ ಅಂತ ನೀನೇ ಬರೆದಿದ್ದೀಯ. ಇಷ್ಟು ಬರೆದವಳು ದಿನಕ್ಕೆ ಎಷ್ಟು ಗಂಟೆ ಮಲಗುತ್ತೀಯ?

ಬುದ್ಧಿ ಹೇಳಬಾರದು ಅಂದುಕೊಂಡೇ ಪೆನ್ನು ಹಿಡಿದೆ. ಆಗುತ್ತಿಲ್ಲ, ಬೇಜಾರು ಮಾಡ್ಕೋಬೇಡ. ಯುರೋಪಿನ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಮೇಲಿನ 2007ರ ಅಧ್ಯಯನ ನಿನ್ನ ಪ್ರಬಂಧದಲ್ಲೇ ಇದೆ. ಆಳವಾದ ಶಿಶಿರನಿದ್ರೆಯಲ್ಲಿ ಅದರ ಮಿದುಳಿನ ಗಡಿಯಾರದ ಜೀನ್‌ಗಳಿಗೆ ಹಗಲು-ರಾತ್ರಿಯ ಏರಿಳಿತವೇ ಇಲ್ಲ. ರಾತ್ರಿಯಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ಹಾರ್ಮೋನನ್ನು ತಯಾರಿಸುವ ಕಿಣ್ವದ ಜೀನ್ ಕೂಡ ಹಾಗೇ. ನಿನ್ನ ಗಡಿಯಾರ ಹಾಗೆ ನಿಲ್ಲುವುದಿಲ್ಲ ತಾಯಿ. ಕತ್ತಲಾದರೆ ಮೆಲಟೋನಿನ್ ಏರಬೇಕು, ಬೆಳಕು ಬಿದ್ದರೆ ಇಳಿಯುತ್ತದೆ. ಪ್ರಾಣಿಗಳ ಕೋಣೆಯಲ್ಲಿ ಮಂದ ಕೆಂಪು ದೀಪ ಇಟ್ಟು ಅವುಗಳ ಮೆಲಟೋನಿನ್ ಕಾಪಾಡುತ್ತೀಯ. ಪಕ್ಕದ ಕೋಣೆಯಲ್ಲಿ ಬಿಳಿ ಟ್ಯೂಬ್‌ಲೈಟ್ ಕೆಳಗೆ ಬೆಳಗಾಗುವ ತನಕ ನೀನು ಕೂರುತ್ತೀಯ. ಇದು ಯಾವ ನ್ಯಾಯ?

ರಾತ್ರಿ ಕೆಲಸ ಬಿಟ್ಟುಬಿಡು ಅನ್ನುತ್ತಿಲ್ಲ. ಮೆಲಟೋನಿನ್ ಅಳೆಯಬೇಕಾದರೆ ರಾತ್ರಿಯೇ ಬೇಕು, ಅಷ್ಟು ನನಗೂ ಅರ್ಥವಾಗಿದೆ. ಪಾಳಿ ಹಂಚಿಕೊಳ್ಳಿ, ಜಂಬ ಬೇಡ. ಕೇಳಲು ನಾಚಿಕೆಪಡುವುದು ನನ್ನ ಕಡೆಯಿಂದಲೇ ಬಂದ ಗುಣ ಇರಬೇಕು.

ರಕ್ತಪರೀಕ್ಷೆಯ ವರದಿ ಬಂದ ತಕ್ಷಣ ನನಗೆ ಕಳಿಸು. ಅಮ್ಮನಿಗೆ ನಾನೇ ನಿಧಾನವಾಗಿ ಹೇಳುತ್ತೇನೆ.

ನಿನ್ನ
ಅಪ್ಪ