ರಫ್ ಕಟ್ ನೋಡಿದ ಮೇಲೆ

ಗೆಳೆಯರೇ, ನಿನ್ನೆ ರಾತ್ರಿ ನಮ್ಮ ಕಿರುಚಿತ್ರದ ರಫ್ ಕಟ್, ಅಂದರೆ ಶಾಟ್‌ಗಳನ್ನು ಮೊದಲ ಸಲ ಜೋಡಿಸಿದ ಕಚ್ಚಾ ರೂಪ, ಎರಡು ಸಲ ನೋಡಿದೆ. ಅಜ್ಜಿ ಅಕ್ಕಿ ಆರಿಸುವ ಶಾಟ್ 40 ಸೆಕೆಂಡ್ ಇದೆ, ಜಾಸ್ತಿ ಆಯಿತು ಅಂದಿರಿ. ದಯವಿಟ್ಟು ಕತ್ತರಿಸಬೇಡಿ. ಮೊರದ ಸದ್ದು, ದೂರದ ಬಸ್ಸಿನ ಹಾರ್ನ್, ಆಮೇಲೆ ಅಜ್ಜಿಯ ಕೈ ನಿಲ್ಲುತ್ತದೆ. ಮಗ ಬರುವುದಿಲ್ಲ ಅಂತ ನಮಗೆ ಗೊತ್ತಾಗುವುದು ಅಲ್ಲೇ ಅಲ್ವಾ? ಅಲ್ಲಿ ಸಂಗೀತವೂ ಬೇಡ.

2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದ ಚಿದಾನಂದ ನಾಯ್ಕರ ಕನ್ನಡ ಚಿತ್ರ ಬರೀ 16 ನಿಮಿಷದ್ದು. ಅಜ್ಜಿಯೊಬ್ಬಳು ಕೋಳಿ ಕದ್ದ ಜನಪದ ಕಥೆ. ನಮ್ಮೂರಿನ ಕಥೆಗೂ ಅಷ್ಟೇ ಬೆಲೆ ಇದೆ.

ಅಡುಗೆಮನೆಯ ಖಾಲಿ ಸದ್ದು, ಅಂದರೆ ಯಾರೂ ಮಾತಾಡದಿದ್ದಾಗಲೂ ಅಲ್ಲಿ ಕೇಳುವ ಸಣ್ಣ ಸದ್ದು, ರೆಕಾರ್ಡ್ ಮಾಡುವುದನ್ನು ಮರೆತಿದ್ದೇವೆ. ಅದಿಲ್ಲದೆ ಕಟ್‌ಗಳು ಕಿವಿಗೆ ಚುಚ್ಚುತ್ತವೆ. ಭಾನುವಾರ ಬೆಳಗ್ಗೆ ಮೈಕ್ ತರುವವರು ಯಾರು?