ಆಟದ ಬಸ್ಸು ಹತ್ತಿ ಬಂದ ಕಳ್ಳ

ಮಾನ್ಯ ಸಂಪಾದಕರೇ,

ಸೈಬರ್ ಮೋಸದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಒಟಿಪಿ ಕೇಳಿದರು, ಕೆವೈಸಿ ಅಂದರು, ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿದರು. ಓದಿ ಓದಿ ನಾನೂ ಜಾಣನಾಗಿಬಿಟ್ಟಿದ್ದೇನೆ ಅಂದುಕೊಂಡಿದ್ದೆ. ಯಾರಿಗೂ ಒಟಿಪಿ ಹೇಳಿದವನಲ್ಲ, ಗೊತ್ತಿಲ್ಲದ ಲಿಂಕ್ ಒತ್ತಿದವನಲ್ಲ. ಆದರೂ ಹೋದ ಮೇ ತಿಂಗಳಲ್ಲಿ ಕಳ್ಳ ನನ್ನ ಮನೆಯ ಕಂಪ್ಯೂಟರಿಗೆ ಬಂದು ಹೋದ. ಬಂದದ್ದು ಆಟದ ಬಸ್ಸು ಹತ್ತಿಕೊಂಡು, ಅಂದರೆ ಮಗ ಕಂಪ್ಯೂಟರ್ ಆಟಕ್ಕೆ ಅಂತ ಇಳಿಸಿಕೊಂಡ ಫೈಲಿನೊಳಗೆ ಕೂತು. ಈ ದಾರಿಯ ಬಗ್ಗೆ ನಾನು ಪತ್ರಿಕೆಯಲ್ಲಿ ಒಂದು ಸಾಲನ್ನೂ ಓದಿದ ನೆನಪಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು, ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನಾನು ಕಲಬುರಗಿಯ ನೆಹರೂ ಗಂಜ್‌ನಲ್ಲಿ ಹನ್ನೊಂದು ಜನರ ಲೆಕ್ಕ ಬರೆಯುವವನು. ತೊಗರಿ ಅಡತಿ, ದಾಲ್ ಮಿಲ್, ಒಂದೆರಡು ಕಿರಾಣಿ. ಟ್ಯಾಲಿ, ಜಿಎಸ್‌ಟಿ ರಿಟರ್ನ್ ಎಲ್ಲವೂ ಮನೆಯಲ್ಲಿರುವ ಒಂದೇ ಕಂಪ್ಯೂಟರಿನಲ್ಲಿ. ನಾನು ಎದ್ದರೆ ಅದೇ ಕುರ್ಚಿಯಲ್ಲಿ ಒಂಬತ್ತನೇ ತರಗತಿಯ ಮಗ ಕೂರುತ್ತಾನೆ. ಬೇಸಿಗೆ ರಜೆಯಲ್ಲಿ ನಮ್ಮ ಊರಿನ ಬಿಸಿಲು ನಿಮಗೆ ಗೊತ್ತೇ ಇದೆ, ಮಧ್ಯಾಹ್ನ ಮಕ್ಕಳನ್ನು ಹೊರಗೆ ಆಡಲು ಕಳಿಸುವ ಹಾಗಿಲ್ಲ. ಮನೆಯಲ್ಲೇ ಆಡಿಕೊಂಡಿರಲಿ ಅಂತ ನಾನೇ ಬಿಟ್ಟಿದ್ದೆ.

ಅವನು ಆಡುವುದು ಯೂರೋ ಟ್ರಕ್ ಸಿಮ್ಯುಲೇಟರ್ 2. ಯುರೋಪಿನ ರಸ್ತೆಗಳಲ್ಲಿ ಲಾರಿ ಓಡಿಸುವ ಆಟ, 2012ರಲ್ಲಿ ಜೆಕ್ ದೇಶದ ಕಂಪನಿಯೊಂದು ತಂದದ್ದು. ಅಷ್ಟು ಹಳೆಯದು ಇನ್ನೂ ಯಾಕೆ ಆಡ್ತಾರೆ ಅಂದರೆ ಮಾಡ್‌ಗಳಿಂದ. ಅವನು ಮೊದಲ ಸಲ "ಅಪ್ಪಾ, ಮಾಡ್ ಹಾಕ್ತೀನಿ" ಅಂದಾಗ "ಏನ್ ಮಾಡ್ತಿ?" ಅಂತ ಕೇಳಿದ ಮನುಷ್ಯ ನಾನು. ಆಮೇಲೆ ಗೊತ್ತಾಯಿತು. ಆಟವನ್ನು ಆಡುವವರಲ್ಲೇ ಯಾರೋ ಹೊಸ ಗಾಡಿ, ಹೊಸ ರಸ್ತೆ, ಹೊಸ ಹಾರ್ನ್ ತಯಾರಿಸಿ ಹಂಚುತ್ತಾರೆ, ಅದಕ್ಕೆ ಮಾಡ್ ಅನ್ನುತ್ತಾರೆ. ನಮ್ಮ ಕಡೆಯ ಹುಡುಗರಿಗೆ ಬೇಕಾದದ್ದು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು. ಜರ್ಮನಿಯ ಹೆದ್ದಾರಿಯಲ್ಲಿ 'ಆಳಂದ' ಅಂತ ಕನ್ನಡ ಬೋರ್ಡ್ ಹಾಕಿಕೊಂಡ ಬಸ್ಸು ಹೋಗುವುದನ್ನು ನೋಡಿದರೆ, ನಿಜ ಹೇಳ್ತೀನಿ, ನನಗೂ ಖುಷಿಯಾಗುತ್ತಿತ್ತು. ಬಸ್ಸಿನ ಹಿಂದಿನ ಏಣಿಯವರೆಗೂ ಬಿಡಿಸಿದ್ದರು. ಅಂಥ ಕೆಲಸ ಮಾಡುವ ಹುಡುಗರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಅವತ್ತು ಆದದ್ದು ಇಷ್ಟು. ಯೂಟ್ಯೂಬ್ ವಿಡಿಯೋ ಒಂದರ ಕೆಳಗೆ ಹೊಸ ಸ್ಲೀಪರ್ ಬಸ್ಸಿನ ಮಾಡ್ ಅಂತ ಲಿಂಕ್ ಇತ್ತು. ಒತ್ತಿದರೆ ಜಾಹೀರಾತಿನ ಮೇಲೆ ಜಾಹೀರಾತು, ಕೊನೆಗೆ ಒಂದು ಜಿಪ್ ಫೈಲ್. ಅದನ್ನು ಬಿಚ್ಚಲು ಪಾಸ್‌ವರ್ಡ್ ಬೇಕು, 1234 ಅಂತ ಅಲ್ಲೇ ಬರೆದಿದ್ದರು. ಒಳಗಿದ್ದದ್ದನ್ನು ಓಡಿಸುವ ಮುಂಚೆ ಆಂಟಿವೈರಸ್ ಬಂದ್ ಮಾಡಿ ಅಂತಲೂ ಹೇಳಿದ್ದರು. ಇವನು ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದ. ಶಾಲೆಯ ಹೋಂವರ್ಕ್ ಇಷ್ಟು ನಿಷ್ಠೆಯಿಂದ ಮಾಡಿದ್ದನ್ನು ನಾನು ಕಂಡಿಲ್ಲ. ಬಸ್ಸು ಮಾತ್ರ ಬರಲಿಲ್ಲ. ಕಪ್ಪು ಪರದೆ ಒಂದು ಕ್ಷಣ ಮಿಂಚಿ ಹೋಯಿತಂತೆ, ಅಷ್ಟೇ. ಮಾಡ್ ಕೆಟ್ಟಿರಬೇಕು ಅಂತ ಅವನು ಅಳಿಸಿ ಹಾಕಿ ಮಲಗಿದ.

ಬೆಳಿಗ್ಗೆ ಅವನ ಇನ್‌ಸ್ಟಾಗ್ರಾಂ ಖಾತೆಯಿಂದ ಬಿಟ್‌ಕಾಯಿನ್ ಜಾಹೀರಾತು ಹೋಗುತ್ತಿತ್ತು. ನನ್ನ ಇಮೇಲ್‌ಗೆ ಯಾವುದೋ ಬೇರೆ ಊರಿಂದ ಯಾರೋ ಒಳಗೆ ಬಂದಿದ್ದಾರೆ ಅಂತ ಎಚ್ಚರಿಕೆ. ಗಾಬರಿಯಲ್ಲಿ ಕಂಪ್ಯೂಟರ್ ತೆರೆದರೆ ಆಂಟಿವೈರಸ್ ಬಂದ್.

"ಇದ್ಯಾಕೋ ಬಂದ್ ಆಗ್ಯಾದ?"

"ಬಂದ್ ಮಾಡಿದ್ರೇ ಮಾಡ್ ಕೂಡ್ತದ ಅಂತ ಹೇಳ್ಯಾರಪ್ಪಾ. ಎಲ್ಲಾರೂ ಹಂಗೇ ಹಾಕ್ಯಾರ."

ಬೈದೆ, ಹೊಡೆಯಲಿಲ್ಲ. ಹೊಡೆಯಬೇಕಾದದ್ದು ನನ್ನನ್ನೇ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಇದು ಹೇಗೆ ಆಗುತ್ತದೆ ಅಂತ ನನಗೆ ತಿಳಿದಷ್ಟು. ಒಟಿಪಿ ಇಲ್ಲದೆ ಕಳ್ಳ ಒಳಗೆ ಹೇಗೆ ಬಂದ ಎನ್ನುವುದೇ ನನಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ನಾವು ಒಂದು ಸಲ ಪಾಸ್‌ವರ್ಡ್, ಒಟಿಪಿ ಕೊಟ್ಟು ಒಳಗೆ ಹೋದರೆ ಆ ವೆಬ್‌ಸೈಟು ನಮ್ಮ ಬ್ರೌಸರಿಗೆ ಒಂದು ಚೀಟಿ ಕೊಟ್ಟಿರುತ್ತದೆ. ಅದರ ಹೆಸರು ಕುಕಿ. ಮುಂದಿನ ಸಲ ಒಟಿಪಿ ಕೇಳದೆ ಬಿಡುವುದು ಆ ಚೀಟಿ ನೋಡಿಯೇ. ಫೋಟೋ ಇಲ್ಲದ ಬಸ್ ಪಾಸ್ ಇದ್ದ ಹಾಗೆ, ಯಾರು ತೋರಿಸಿದರೂ ಕಂಡಕ್ಟರ್ ಹತ್ತಿಸಿಕೊಳ್ಳುತ್ತಾನೆ. ಇಂಥ ವೈರಸ್ ಬಂದು ವಾಸ ಮಾಡಲೇಬೇಕು ಅಂತಲೂ ಇಲ್ಲ. ಕುಕಿಗಳನ್ನು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕೆಲವೇ ನಿಮಿಷದಲ್ಲಿ ಬಾಚಿಕೊಂಡು ಕಳ್ಳನಿಗೆ ಕಳಿಸಿಬಿಡುತ್ತದೆ. ಜಿಪ್‌ಗೆ ಪಾಸ್‌ವರ್ಡ್ ಹಾಕಿದ್ದೂ ಸುಮ್ನೆ ಅಲ್ಲ. ಬೀಗ ಹಾಕಿದ ಜಿಪ್ ಒಳಗೆ ಏನಿದೆ ಅಂತ ಆಂಟಿವೈರಸ್‌ಗೆ ಇಣುಕಲು ಆಗುವುದಿಲ್ಲ.

ಎಲ್ಲ ಮಾಡ್‌ಗಳೂ ಒಂದೇ ಥರ ಅಲ್ಲ, ಇದನ್ನು ಅಪ್ಪ-ಅಮ್ಮಂದಿರು ತಿಳಿದುಕೊಳ್ಳಬೇಕು. ಈ ಲಾರಿ ಆಟದ ಗಾಡಿ ಮಾಡ್‌ಗಳು ಸಾಮಾನ್ಯವಾಗಿ ಎಸ್‌ಸಿಎಸ್ ಅನ್ನುವ ಫೈಲ್ ಆಗಿ ಬರುತ್ತವೆ. ಅದು ಚಿತ್ರ, ಬಣ್ಣ, ಅಳತೆ ತುಂಬಿದ ಗಂಟು. ಆಟದ ಮಾಡ್ ಫೋಲ್ಡರ್‌ಗೆ ಹಾಕಿದರೆ ಆಟವೇ ಅದನ್ನು ಓದಿಕೊಳ್ಳುತ್ತದೆ, ಡಬಲ್ ಕ್ಲಿಕ್ ಮಾಡುವ ಪ್ರಶ್ನೆಯೇ ಇಲ್ಲ. ಅಂಥದ್ದರಲ್ಲಿ ಬಸ್ಸು ಇಎಕ್ಸ್‌ಇ ಆಗಿ, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಂ ಆಗಿ ಬಂದರೆ ಅದು ಬಸ್ಸಲ್ಲ. ಆದರೆ ವಿಂಡೋಸ್ ಫೈಲಿನ ಹೆಸರಿನ ಬಾಲವನ್ನು ತಾನಾಗಿಯೇ ಮುಚ್ಚಿಟ್ಟಿರುತ್ತದೆ, 'ಬಸ್ ಡಾಟ್ ಎಸ್‌ಸಿಎಸ್ ಡಾಟ್ ಇಎಕ್ಸ್‌ಇ' ಅಂತ ಇದ್ದರೂ ಕೊನೆಯ ತುಂಡು ಕಾಣುವುದಿಲ್ಲ, ಮಗನಿಗೂ ಕಂಡಿರಲಿಲ್ಲ. ಫೋಲ್ಡರಿನ ವ್ಯೂ ಒಳಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಅನ್ನುವುದಕ್ಕೆ ಟಿಕ್ ಹಾಕಿದರೆ ಕಾಣುತ್ತದೆ. ಇವತ್ತೇ ಹಾಕಿಬಿಡಿ.

ಬೇರೆ ಕೆಲವು ಆಟಗಳಲ್ಲಿ ಮಾಡ್ ಅಂದರೇ ಪ್ರೋಗ್ರಾಂ. ಮೈನ್‌ಕ್ರಾಫ್ಟ್‌ನ ಜಾರ್ ಫೈಲ್, ಜಿಟಿಎ ಆಟದ ಸ್ಕ್ರಿಪ್ಟ್ ಮಾಡ್, ಇವು ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಲ್ಲವು. 2015ರಲ್ಲಿ ಜಿಟಿಎ 5ಕ್ಕೆ ಬಂದ 'ಆಂಗ್ರಿ ಪ್ಲೇನ್ಸ್' ಎಂಬ ಮಾಡ್‌ನಲ್ಲಿ ಒತ್ತಿದ ಕೀಗಳನ್ನೆಲ್ಲ ಬರೆದಿಟ್ಟುಕೊಳ್ಳುವ ವೈರಸ್ ಸಿಕ್ಕಿತ್ತು. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್ ಆಡುವವರೆಲ್ಲ ನಂಬುವ ಕರ್ಸ್‌ಫೋರ್ಜ್ ತಾಣದಲ್ಲೇ ಕೆಲವು ಮಾಡ್‌ಗಳಲ್ಲಿ 'ಫ್ರಾಕ್ಚರೈಸರ್' ಎಂಬ ವೈರಸ್ ಸೇರಿಕೊಂಡಿತು. ಅದು ಕುಕಿ ಕದಿಯುವುದರ ಜೊತೆಗೆ ಕಂಪ್ಯೂಟರಿನಲ್ಲಿದ್ದ ಬೇರೆ ಜಾರ್ ಫೈಲ್‌ಗಳಿಗೂ ಹಬ್ಬುತ್ತಿತ್ತು. ಅದೇ ವರ್ಷ ಡಿಸೆಂಬರ್ 25ರಂದು ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿದ್ದ 'ಡೌನ್‌ಫಾಲ್' ಎಂಬ ಹೆಸರು ಮಾಡಿದ್ದ ಮಾಡ್‌ಗೆ, ಅದನ್ನು ಮಾಡಿದವರ ಖಾತೆಯನ್ನೇ ಕದ್ದು, ಅಪ್‌ಡೇಟ್ ರೂಪದಲ್ಲಿ ವೈರಸ್ ಕಳಿಸಿದ್ದರು. ದೊಡ್ಡ ಅಂಗಡಿಯಲ್ಲೂ ಹುಳ ಬೀಳುತ್ತದೆ. ಆದರೂ ಅಲ್ಲಿ ಸಾವಿರಾರು ಕಣ್ಣು ಇರುತ್ತವೆ, ಬೇಗ ಸಿಕ್ಕಿಬೀಳುತ್ತದೆ, ತೆಗೆದು ಹಾಕುತ್ತಾರೆ. ಯಾರೋ ಹಾಕಿದ ವಿಡಿಯೋದ ಕೆಳಗಿನ ಲಿಂಕಿಗೆ ಯಾರು ಕಾವಲು?

ಈಗ ನನ್ನ ತಪ್ಪುಗಳು. ಆಟ ನಾವು ಕೊಂಡದ್ದಲ್ಲ, ಗೆಳೆಯರಿಂದ ಪೆನ್‌ಡ್ರೈವ್‌ನಲ್ಲಿ ಬಂದ ಕ್ರ್ಯಾಕ್, ಅಂದರೆ ಬೀಗ ಮುರಿದ ಕಳ್ಳ ಪ್ರತಿ. ಸ್ಟೀಮ್‌ನಲ್ಲಿ ಕೊಂಡಿದ್ದರೆ ಅಲ್ಲಿ ಮಾಡ್ ಹಂಚುವ ವರ್ಕ್‌ಶಾಪ್ ಎಂಬ ಜಾಗದಿಂದ ಮಾಡ್ ನೇರವಾಗಿ ಹಾಕಿಕೊಳ್ಳಬಹುದಿತ್ತು, ಕ್ರ್ಯಾಕ್ ಆಟಕ್ಕೆ ಆ ಬಾಗಿಲು ಇಲ್ಲ, ಹಾಗಾಗಿ ಹುಡುಗ ಹಿತ್ತಿಲಿಂದ ಹೋದ. ಎರಡನೆಯದು, ಹನ್ನೊಂದು ಜನರ ಜಿಎಸ್‌ಟಿ ಪಾಸ್‌ವರ್ಡ್‌ಗಳನ್ನು ನಾನು ಬ್ರೌಸರಿನಲ್ಲೇ ಉಳಿಸಿಟ್ಟಿದ್ದೆ. ಮೂರನೆಯದು ಎಲ್ಲಕ್ಕಿಂತ ದಡ್ಡತನ. ಎಚ್ಚರಿಕೆ ಬಂದ ಕೂಡಲೇ ಅದೇ ಕಂಪ್ಯೂಟರಿನಲ್ಲಿ ಕೂತು ಇಮೇಲ್ ಪಾಸ್‌ವರ್ಡ್ ಬದಲಿಸಿದೆ. ವೈರಸ್ ಇನ್ನೂ ಒಳಗೇ ಇದ್ದರೆ ಹೊಸ ಪಾಸ್‌ವರ್ಡನ್ನೂ ಕಳ್ಳನ ಕೈಗೆ ಕೊಟ್ಟ ಹಾಗೆ, ಅಲ್ವಾ? ಇದು ಹೊಳೆದದ್ದು ಸಂಜೆಗೆ, ಕಂಪ್ಯೂಟರ್ ರಿಪೇರಿ ಮಾಡುವ ಹುಡುಗ ತಲೆ ಚಚ್ಚಿಕೊಂಡು ಹೇಳಿದ ಮೇಲೆ.

ಅವನು ಹೇಳಿದ ಪ್ರಕಾರ ಆಗ ಮಾಡಬೇಕಾದದ್ದು: ಮೊದಲು ನೆಟ್ ಕಿತ್ತು ಹಾಕು. ಬೇರೆ ಫೋನಿನಿಂದ, ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು ಅಂತ ಪಾಸ್‌ವರ್ಡ್ ಬದಲಿಸು. ಎಲ್ಲ ಸಾಧನಗಳಿಂದ ಲಾಗ್ ಔಟ್ ಅಂತ ಒಂದು ಆಯ್ಕೆ ಇರುತ್ತದೆ, ಅದನ್ನು ಬಿಡದೆ ಒತ್ತು, ಕದ್ದ ಕುಕಿ ಸಾಯುವುದು ಆಗಲೇ. ಮಾಡ್ ಅಳಿಸಿದರೆ ಸಾಲದು, ಟ್ಯಾಲಿ ಡೇಟಾ ತೆಗೆದಿಟ್ಟು ಪೂರ್ತಿ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕು. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡು. ನಮ್ಮದು ದುಡ್ಡು ಹೋಗಲಿಲ್ಲ, ಪುಣ್ಯ.

ಹೋದದ್ದು ಮರ್ಯಾದೆ. ಮರುದಿನ ಗಂಜ್‌ನಲ್ಲಿ ಅಂಗಡಿ ಅಂಗಡಿ ತಿರುಗಿ "ಸಾವ್ಕಾರ್ರೇ, ನಿಮ್ಮ ಜಿಎಸ್‌ಟಿ ಪಾಸ್‌ವರ್ಡ್ ಬದಲಿ ಮಾಡ್ಬೇಕಾಗ್ಯಾದ್ರಿ, ಒಂದು ಒಟಿಪಿ ಬರ್ತದ, ಹೇಳ್ರಿ" ಅಂತ ನಾನೇ ಒಟಿಪಿ ಕೇಳಬೇಕಾಯಿತು. ಒಬ್ಬರು ನಕ್ಕರು. ಒಬ್ಬರು ನಿಮ್ಮದೇ ಪತ್ರಿಕೆ ತೋರಿಸಿ, ಒಟಿಪಿ ಯಾರಿಗೂ ಹೇಳಬೇಡಿ ಅಂತ ಬರೆದಿದ್ದಾರಲ್ರಿ ಅಂದರು. ದಾಲ್ ಮಿಲ್‌ನವರು ಏನೂ ಅನ್ನಲಿಲ್ಲ, ಮುಂದಿನ ತಿಂಗಳು ಲೆಕ್ಕ ಬೇರೆಯವರಿಗೆ ಕೊಟ್ಟರು. ಈಗ ಹತ್ತೇ ಜನ.

ಆಟ ನಿಲ್ಲಿಸಿಬಿಡು ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಗೆಳೆಯನ ಮನೆಯಲ್ಲಿ ಹೋಗಿ ಆಡುತ್ತಾನೆ, ಅಲ್ಲಿ ಅವರಪ್ಪನ ಪಾಸ್‌ವರ್ಡ್ ಹೋಗುತ್ತದೆ. ಅದರ ಬದಲು ಆಟವನ್ನು ದುಡ್ಡು ಕೊಟ್ಟು ಕೊಂಡೆವು, ಸೇಲ್ ಬರುವವರೆಗೆ ಕಾದು. ಕಂಪ್ಯೂಟರಿನಲ್ಲಿ ಅವನಿಗೇ ಬೇರೆ ಯೂಸರ್ ಮಾಡಿಕೊಟ್ಟೆ, ಅಡ್ಮಿನ್ ಪಾಸ್‌ವರ್ಡ್ ನನ್ನ ಹತ್ತಿರ. ನನ್ನ ಬ್ರೌಸರ್ ಅವನ ಯೂಸರ್‌ನಿಂದ ಕೈಗೆ ಎಟುಕುವುದಿಲ್ಲ. ಏನಾದರೂ ಅನುಮಾನ ಬಂದರೆ ಫೈಲನ್ನು ವೈರಸ್‌ಟೋಟಲ್ ಎಂಬ ತಾಣಕ್ಕೆ ಹಾಕಿ ನೋಡುತ್ತಾನೆ, ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ನೋಡಿ ಹೇಳುತ್ತವೆ, ದುಡ್ಡು ಕೊಡಬೇಕಿಲ್ಲ. ಹೊಸ ವೈರಸ್ ಆದರೆ ಅದೂ ತಪ್ಪಿಸಿಕೊಳ್ಳಬಹುದು. ಇನ್ನೊಂದು ವಿಷಯ, ಅಲ್ಲಿಗೆ ನಿಮ್ಮ ಸ್ವಂತ ಕಾಗದಪತ್ರ ಹಾಕಬೇಡಿ, ಹಾಕಿದ್ದನ್ನು ಬೇರೆಯವರೂ ತೆಗೆದು ನೋಡಬಲ್ಲರು. ಒಳ್ಳೆಯ ಮಾಡ್‌ಗೂ ಆಂಟಿವೈರಸ್ ಒಮ್ಮೊಮ್ಮೆ ಸುಮ್ನೆ ಕೂಗುತ್ತದೆ, ಅದು ನಿಜ. ಕಳ್ಳರು ಬಳಸಿಕೊಳ್ಳುವುದೂ ಅದೇ ನೆಪವನ್ನು. ನಮ್ಮ ಮನೆಯ ನಿಯಮ ಈಗ ಒಂದೇ: ಆಂಟಿವೈರಸ್ ಬಂದ್ ಮಾಡು ಅಂದರೆ ಆ ಮಾಡ್ ಬೇಡ.

ಫೋನಿನಲ್ಲಿ ಬಸ್ ಆಟ ಆಡುವ ಮಕ್ಕಳ ಮನೆಯವರೂ ನೋಡಿಕೊಳ್ಳಿ. ಆಟದೊಳಗಿಂದ ಸೇರಿಸುವ ಬಸ್ಸಿನ ಫೈಲ್ ಬೇರೆ, 'ಮಾಡ್ ಎಪಿಕೆ, ಅನ್‌ಲಿಮಿಟೆಡ್ ದುಡ್ಡು' ಅಂತ ಸಿಗುವ ಪೂರ್ತಿ ಆ್ಯಪ್ ಬೇರೆ. ಬಸ್ ಓಡಿಸುವ ಆಟಕ್ಕೆ ನಿಮ್ಮ ಎಸ್‌ಎಂಎಸ್ ಓದುವ ಅನುಮತಿ ಯಾಕೆ ಬೇಕು?

ನಿಮ್ಮಲ್ಲಿ ಕೇಳುವುದು ಒಂದೇ. ನಾನು ಹುಡುಕಿದಾಗ ಕನ್ನಡದಲ್ಲಿ ಸಿಕ್ಕಿದ್ದು ಮಾಡ್ ಹೇಗೆ ಹಾಕುವುದು ಅನ್ನುವ ವಿಡಿಯೋಗಳೇ ಜಾಸ್ತಿ, ಯಾವುದನ್ನು ಹಾಕಬಾರದು ಅಂತ ಹೇಳುವವರು ಕಡಿಮೆ. ಒಟಿಪಿ ಬಗ್ಗೆ ಬರೆಯುವ ಅದೇ ಪುಟದಲ್ಲಿ ಇದಕ್ಕೂ ಅರ್ಧ ಕಾಲಂ ಕೊಡಿ, ಗೊತ್ತಿರುವವರಿಂದ ಬರೆಸಿ. ಪರೀಕ್ಷೆ ಮುಗಿಯುವ ವಾರದಲ್ಲೇ ಬರಲಿ. ರಜೆ ಶುರುವಾದ ಮೇಲೆ ಹುಡುಗರು ಪತ್ರಿಕೆ ಮುಟ್ಟುವುದಿಲ್ಲ, ಅಪ್ಪಂದಿರಾದರೂ ಓದಲಿ.

ಇಂತಿ,
ಲೆಕ್ಕ ಬರೆಯುವ ಒಬ್ಬ ಓದುಗ, ಕಲಬುರಗಿ