ಅಮ್ಮನಿಗೆ ಏನಾಗಿತ್ತು ಎಂದೂ ಕೇಳಿ

ಮಾನ್ಯರೇ,

ನಮ್ಮ ನಿವೃತ್ತ ಅಂಚೆ ನೌಕರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರಿನ ಲಕ್ಷಣಗಳ ಪಟ್ಟಿಯೊಂದು ತಿಂಗಳಿನಿಂದ ಸುತ್ತುತ್ತಿದೆ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಧಾರೆ ಸಣ್ಣಗಾಗುವುದು, ಹೀಗೆ ಆರೇಳು. ಒಂದೂ ಇಲ್ಲದಿದ್ದರೆ ನಿಶ್ಚಿಂತೆಯಿಂದಿರಿ ಎಂಬ ಅಭಯ ಬೇರೆ ಕೊನೆಯಲ್ಲಿ. ನಮ್ಮ ಮನೆಯಲ್ಲಿ ಆದದ್ದು ತದ್ವಿರುದ್ಧ.

ಎರಡು ವರ್ಷದ ಹಿಂದೆ, ನನ್ನ 66ರಲ್ಲಿ, ರಾತ್ರಿಗೆ ನಾಲ್ಕು ಸಲ ಏಳುತ್ತಿದ್ದೆ. ದೀಪ ಹಾಕಿದರೆ ಹೆಂಡತಿಗೆ ಎಚ್ಚರವಾದೀತೆಂದು ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುವುದು, ಹನಿ ಬೀಳುವುದನ್ನು ಕಾಯುತ್ತ ನಿಲ್ಲುವುದು. ಮನಸ್ಸಿನಲ್ಲೇ ಉಯಿಲು ಬರೆದು ಮುಗಿಸಿದ್ದೆ. ನೋಡಿದರೆ ವಯಸ್ಸಿನ ಗ್ರಂಥಿ ಊತ, ಅಷ್ಟೇ. ನನ್ನನ್ನು ಗೇಲಿ ಮಾಡುತ್ತಿದ್ದ 71ರ ಅಣ್ಣ ಬೆಳಗಿನವರೆಗೆ ಗೊರಕೆ ಹೊಡೆಯುತ್ತಿದ್ದ. ಅವನಿಗಿದ್ದದ್ದು ಸೊಂಟನೋವು ಮಾತ್ರ. ಅಡಿಕೆ ಗೊನೆ ಹೊತ್ತದ್ದಕ್ಕೆ ಬಂದದ್ದೆಂದು ಎಂಟು ತಿಂಗಳು ಎಣ್ಣೆ ತಿಕ್ಕಿಸಿಕೊಂಡ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನಿನ ಅಳತೆ) ರಕ್ತಪರೀಕ್ಷೆ ಮಾಡಿಸುವ ಹೊತ್ತಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಈಗ ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್.

ಹೀಗೇಕೆಂದು ವೈದ್ಯರು ಔಷಧ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಸಾಮಾನ್ಯ ಊತ ಮೂತ್ರನಾಳದ ಸುತ್ತ ಬೆಳೆದು ಅದನ್ನು ಹಿಸುಕುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರ ಅಂಚಿನಲ್ಲಿ; ಮೊದಮೊದಲು ಸುಳಿವೇ ಕೊಡುವುದಿಲ್ಲ. ಅಣ್ಣನಿಗೆ ಬಂದದ್ದರಿಂದ ನನ್ನ ಅಪಾಯವೂ ಉಳಿದವರಿಗಿಂತ ಸುಮಾರು ಇಮ್ಮಡಿಯಂತೆ. ಆಮೇಲೆ ಅವರು ಅಮ್ಮನ ವಿಚಾರ ಕೇಳಿದರು. ಇದಕ್ಕೂ ಅಮ್ಮನಿಗೂ ಏನು ಸಂಬಂಧ ಎಂದುಕೊಂಡೆ. ಅಮ್ಮ ಎದೆಯ ಗಡ್ಡೆಯಿಂದ ಹೋದವಳು. ಗಂಡಸರೆದುರು ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಸ್ತನ, ಅಂಡಾಶಯದ ಕ್ಯಾನ್ಸರಿಗೆ ದಾರಿ ಮಾಡುವ ಬಿಆರ್‌ಸಿಎ2 ವಂಶವಾಹಿಯ ದೋಷ ಗಂಡುಮಕ್ಕಳಿಗೆ ದಾಟಿದರೆ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದಂತೆ. ವಾಟ್ಸ್‌ಆ್ಯಪ್ ಪಟ್ಟಿಯಲ್ಲಿ ಅಮ್ಮನೂ ಇಲ್ಲ, ಅಣ್ಣನೂ ಇಲ್ಲ.

ಪಿಎಸ್‌ಎ 4ರ ಸಾಮಾನ್ಯ ಮಿತಿ ದಾಟಿದೊಡನೆ ಕ್ಯಾನ್ಸರ್ ಎಂದು ಎದೆಗುಂದಬೇಕಿಲ್ಲ. ಊತ, ಮೂತ್ರದ ಸೋಂಕುಗಳಿಂದಲೂ ಏರುತ್ತದೆ. ಊತಕ್ಕೆ ನಾನು ನುಂಗುವ ಫಿನಾಸ್ಟರೈಡ್ ಮಾತ್ರೆಯಾದರೋ ಕೆಲವು ತಿಂಗಳಲ್ಲಿ ಪಿಎಸ್‌ಎ ಅಂಕಿಯನ್ನು ಅರ್ಧಕ್ಕೆ ಇಳಿಸಿ ತೋರಿಸುತ್ತದೆ. ಹಾಗಾಗಿ ಪ್ರಯೋಗಾಲಯದ ಚೀಟಿಯಲ್ಲಿ ಮಾತ್ರೆಯ ಹೆಸರನ್ನು ನಾನೇ ಬರೆಸುತ್ತೇನೆ.

ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ ಗಂಡಸರು 50ರವರೆಗೆ ಕಾಯದೆ 45ಕ್ಕೇ ವೈದ್ಯರನ್ನು ಕಾಣಬೇಕೆಂದು ಹೇಳಿದ್ದಾರೆ. ಅಣ್ಣನ ಹಿರಿಯ ಮಗನಿಗೆ 46. ಮೂರು ಸಲ ಫೋನ್ ಮಾಡಿದೆ. ‘ನನಗೇನೂ ತೊಂದರೆ ಇಲ್ಲ ಚಿಕ್ಕಪ್ಪ, ರಾತ್ರಿ ಒಂದು ಸಲವೂ ಏಳುವುದಿಲ್ಲ’ ಎನ್ನುತ್ತಾನೆ.

– ನಿವೃತ್ತ ಅಂಚೆ ನೌಕರ, ಸಾಗರ